ಕಟ್ಟು ಮನೆಗೆ, ಕಾಳು ಎತ್ತಿಗೆ ಎನ್ನಬೇಡಿ: ಇಳಿವಯಸ್ಸಿನ ಕಾಲ್ಬಲಕ್ಕೆ ಕೆಲವು ಸೂತ್ರಗಳು

ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ. ಮಂಡ್ಯ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಬೇಸಾಯದ ಮನೆಗಳಲ್ಲಿ ಪ್ರೋಟೀನ್‌ಗೆ ಬರವಿಲ್ಲ. ಕೊಟ್ಟಿಗೆಯಲ್ಲಿ ಹಸು, ಹಿತ್ತಲಲ್ಲಿ ಕೋಳಿ, ಡಬ್ಬದಲ್ಲಿ ಹುರುಳಿ, ಅವರೆ, ತಡಗುಣಿ. ಆದರೆ ಹಾಲು ಡೇರಿಗೆ ಹೋಗುತ್ತದೆ, ಮೊಟ್ಟೆ ಮೊಮ್ಮಕ್ಕಳಿಗೆ ಹೋಗುತ್ತದೆ, ಕಟ್ಟು ಬಸಿದ ಹುರುಳಿ ಎತ್ತಿಗೆ ಹೋಗುತ್ತದೆ. ಎಪ್ಪತ್ತು ದಾಟಿದ ಅವ್ವನ ತಟ್ಟೆಗೆ ಬಂದು ಬೀಳುವುದು ಮುದ್ದೆ ಮತ್ತು ತಿಳಿಸಾರು. ಕೆಲವು ವರ್ಷ ಹೀಗೇ ನಡೆದು, ಒಂದು ದಿನ ಆಕೆ ಮಂಡಿಯ ಮೇಲೆ ಕೈ ಊರದೆ ಜಗಲಿಯಿಂದ ಏಳಲಾರಳು. ‘ವಯಸ್ಸಾಯ್ತು, ಇನ್ನೇನು’ ಎಂದು ಮನೆಯವರು ಸುಮ್ಮನಾಗುತ್ತಾರೆ.

ಸುಮ್ಮನಾಗಬೇಕಿಲ್ಲ. ಐವತ್ತು ದಾಟಿದ ಮೇಲೆ ಸ್ನಾಯು ವರ್ಷಕ್ಕೆ ಶೇ 1ರ ಆಸುಪಾಸಿನಲ್ಲಿ ಕರಗುತ್ತದೆ, ಬಲ ಅದಕ್ಕಿಂತ ಬೇಗ ಇಳಿಯುತ್ತದೆ. ಅಮೆರಿಕದ ಪೋಷಣಾ ವಿಜ್ಞಾನಿ ಇರ್ವಿನ್ ರೋಸೆನ್‌ಬರ್ಗ್ 1989ರಲ್ಲಿ ಇದಕ್ಕೆ ‘ಸಾರ್ಕೊಪೀನಿಯ’ ಎಂದು ಹೆಸರಿಟ್ಟ ಮೇಲೆ ವೈದ್ಯಲೋಕ ಇದನ್ನು ಕಾಯಿಲೆಯ ಕಣ್ಣಿನಿಂದ ನೋಡತೊಡಗಿತು. ಇದನ್ನು ಪೂರ್ತಿ ತಡೆಯಲಾಗದು. ಆದರೆ ನಿಧಾನ ಮಾಡಬಹುದು, ಸ್ವಲ್ಪ ಮಟ್ಟಿಗೆ ಹಿಂದಕ್ಕೂ ತಿರುಗಿಸಬಹುದು. ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಸಾಹಿತಿ ಎ.ಎನ್. ಮೂರ್ತಿರಾಯರು 2003ರವರೆಗೆ ಬದುಕಿದ್ದರು. ಮೇಲುಕೋಟೆಯ ಕವಿ ಪು.ತಿ.ನ. ತೊಂಬತ್ತು ದಾಟಿದರು. ದೀರ್ಘಾಯುಸ್ಸು ಈಗ ಮೊದಲಿನಷ್ಟು ಅಪರೂಪವಲ್ಲ. ಆ ವರ್ಷಗಳನ್ನು ಸ್ವಂತ ಕಾಲ ಮೇಲೆ ಕಳೆಯುವುದಕ್ಕೆ ಬೇಕಾದ್ದು ಬಹುಮಟ್ಟಿಗೆ ನಮ್ಮ ಅಡುಗೆಮನೆಯಲ್ಲೇ ಇದೆ.

1. ಕುರ್ಚಿಯಿಂದ ಶುರುಮಾಡಿ

ಮೇಲುಕೋಟೆಯ ಯೋಗಾನರಸಿಂಹನ ಬೆಟ್ಟ ಹತ್ತುವಾಗ ಏದುಸಿರು ಬಂದರೆ ಅದು ಸ್ನಾಯುವಿನ ಅಳತೆಯಲ್ಲ. ಅಳತೆಗೆ ಒಂದು ಗಟ್ಟಿ ಕುರ್ಚಿ, ಒಂದು ಮೊಬೈಲು ಸಾಕು. ಕುರ್ಚಿಯನ್ನು ಗೋಡೆಗೆ ಒರಗಿಸಿ. ಹಿರಿಯರು ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲಿ. ಪಕ್ಕದಲ್ಲಿ ಒಬ್ಬರು ನಿಂತಿರಿ. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಎಚ್ಚರಾಗಬೇಕು. ಏಷ್ಯಾದ ತಜ್ಞರ ತಂಡ 2019ರಲ್ಲಿ ನಮ್ಮಂಥ ಮೈಕಟ್ಟಿನವರಿಗಾಗಿ ಗೊತ್ತುಮಾಡಿದ ಲೆಕ್ಕ ಇದು.

ಇನ್ನೊಂದು ಅಳತೆ ಮೀನಖಂಡದ್ದು. ದರ್ಜಿಯ ಟೇಪು ತಂದು ಅದರ ದಪ್ಪನೆಯ ಜಾಗದಲ್ಲಿ ಸುತ್ತಿ. ಗಂಡಸರಿಗೆ 34 ಸೆಂಟಿಮೀಟರ್, ಹೆಂಗಸರಿಗೆ 33ಕ್ಕಿಂತ ಕಡಿಮೆ ಇದ್ದರೆ ಸ್ನಾಯು ಸವೆದಿರುವ ಸಾಧ್ಯತೆ ಇದೆ. ಕಾಲು ಊದಿಕೊಂಡಿದ್ದರೆ ಮಾತ್ರ ಈ ಟೇಪನ್ನು ನಂಬಬೇಡಿ.

2. ತೂಕವೆಷ್ಟೋ ಗ್ರಾಂ ಅಷ್ಟು

ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. ವಯಸ್ಸಾದವರ ಸ್ನಾಯುವನ್ನೇ ಮುಖ್ಯವಾಗಿಟ್ಟುಕೊಂಡು 2013ರಲ್ಲಿ ಸೇರಿದ ಅಂತರರಾಷ್ಟ್ರೀಯ ತಜ್ಞರು 65 ದಾಟಿದವರಿಗೆ 1ರಿಂದ 1.2 ಗ್ರಾಂ ಬೇಕೆಂದರು. ನೆನಪಿಡಲು ಸುಲಭ: 50 ಕಿಲೋ ತೂಕದ ಅಜ್ಜಿಗೆ ದಿನಕ್ಕೆ 50ರಿಂದ 60 ಗ್ರಾಂ.

ಈಗ ಆಕೆ ತಿನ್ನುವುದನ್ನು ಕೂಡಿ ನೋಡಿ. ಬೆಳಗ್ಗೆ ಒಂದು ರಾಗಿ ರೊಟ್ಟಿ, ಸುಮಾರು 4 ಗ್ರಾಂ. ಮಧ್ಯಾಹ್ನ 100 ಗ್ರಾಂ ಹಿಟ್ಟಿನ ಮುದ್ದೆ, 7 ಗ್ರಾಂ. ರಾತ್ರಿ 75 ಗ್ರಾಂ ಅಕ್ಕಿಯ ಅನ್ನ, 6 ಗ್ರಾಂ. ತಿಳಿಸಾರು, ಕಾಫಿಯ ಹಾಲು, ಮಜ್ಜಿಗೆ ನೀರು ಎಲ್ಲ ಸೇರಿ 7 ಅಥವಾ 8. ಒಟ್ಟು 25 ಮುಟ್ಟಿದರೆ ಹೆಚ್ಚು. ಹೊಟ್ಟೆ ತುಂಬಿರುತ್ತದೆ, ಸ್ನಾಯು ಮಾತ್ರ ಅರೆಹೊಟ್ಟೆಯಲ್ಲಿರುತ್ತದೆ.

3. ಕಟ್ಟಿನ ಜೊತೆ ಕಾಳನ್ನೂ ಕೊಡಿ

ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಡಬಹುದಾದರೆ ಇದನ್ನು ನೆನಪಿಡಿ.

ಹುರುಳಿ ಬೇಯಿಸಿ, ಕಟ್ಟನ್ನು ಬಸಿದು, ಒಗ್ಗರಣೆ ಕೊಟ್ಟು ಕಟ್ಟಿನ ಸಾರು ಮಾಡುತ್ತೇವೆ. ರುಚಿಯಲ್ಲಿ ಅದಕ್ಕೆ ಸಾಟಿಯಿಲ್ಲ. ಉಳಿದ ಕಾಳಿಗೆ ಬೂಸಾ ಬೆರೆಸಿ ದನಕ್ಕಿಡುವುದು ಅನೇಕ ಮನೆಗಳ ರೂಢಿ. ದುಡಿಯುವ ಎತ್ತಿಗೆ ಹುರುಳಿ ಕೊಟ್ಟರೆ ಮೈಕಟ್ಟು ನಿಲ್ಲುತ್ತದೆಂದು ಹಳ್ಳಿಕಾರ್ ಜೋಡಿ ಕಟ್ಟಿದ ರೈತರಿಗೆ ತಲೆತಲಾಂತರದಿಂದ ಗೊತ್ತು. ಆ ತಿಳಿವಳಿಕೆ ಕೊಟ್ಟಿಗೆಯಿಂದ ಪಡಸಾಲೆಗೆ ಬರಬೇಕು. ಭಾರತೀಯ ಆಹಾರ ಸಂಯೋಜನೆಯ 2017ರ ಪಟ್ಟಿಯಂತೆ 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಬೇಯಿಸಿದಾಗ ಅದರಲ್ಲಿ ಅಲ್ಪಭಾಗ ಮಾತ್ರ ನೀರಿಗಿಳಿಯುತ್ತದೆ, ದೊಡ್ಡ ಪಾಲು ಕಾಳಿನಲ್ಲೇ ಉಳಿಯುತ್ತದೆ. ಕಟ್ಟಿನ ಘಮವನ್ನು ನಂಬಿ ಅದೇ ಪುಷ್ಟಿ ಎಂದುಕೊಂಡಿದ್ದೇವೆ.

ಬಸ್ಸಾರಿನದೂ ಉಪ್ಸಾರಿನದೂ ಇದೇ ಕತೆ. ಕಾಳು, ಸೊಪ್ಪು ಬೇಯಿಸಿದ ನೀರು ಸಾರಾಗುತ್ತದೆ, ಬಸಿದ ಕಾಳು–ಸೊಪ್ಪು ಪಲ್ಯವಾಗಿ ತಟ್ಟೆಯ ಅಂಚಿಗೆ ಸರಿಯುತ್ತದೆ. ಹಲ್ಲಿರುವವರು ಪಲ್ಯ ತಿನ್ನುತ್ತಾರೆ. ಹಲ್ಲಿಲ್ಲದವರು ಮುದ್ದೆ ಮುರಿದು, ಸಾರಿಗೆ ಅದ್ದಿ, ನುಂಗಿ ಏಳುತ್ತಾರೆ. ಮುದ್ದೆಗೆ ಅಗಿಯುವ ಕೆಲಸವಿಲ್ಲವಾದ್ದರಿಂದ ಆ ತಟ್ಟೆಯಲ್ಲಿ ಏನು ಉಳಿಯಿತು ಎಂದು ಯಾರೂ ನೋಡುವುದಿಲ್ಲ.

ದಾರಿ ಸುಲಭವಾಗಿದೆ. ಬೆಂದ ಕಾಳಿನಲ್ಲಿ ಎರಡು ಸೌಟು ತೆಗೆದು ಖಾರದ ಜೊತೆಗೇ ನುಣ್ಣಗೆ ರುಬ್ಬಿ ಸಾರಿಗೆ ಸೇರಿಸಿ. ಸಾರು ಗಟ್ಟಿಯಾಗುತ್ತದೆ, ರುಚಿ ಕೆಡುವುದಿಲ್ಲ. ಒಬ್ಬ ಹಿರಿಯರಿಗೆ ಹೊತ್ತಿಗೆ ಒಂದು ಹಿಡಿ ಒಣಕಾಳು, ಅಂದರೆ 30ರಿಂದ 40 ಗ್ರಾಂ, ಈ ರೂಪದಲ್ಲಿ ಹೊಟ್ಟೆಗೆ ಸೇರಿದರೆ 7ರಿಂದ 9 ಗ್ರಾಂ ಪ್ರೋಟೀನ್ ಸಿಕ್ಕಿತು. ಮಸೊಪ್ಪಿಗೆ ಬೇಳೆಯನ್ನು ಒಂದೂವರೆ ಪಟ್ಟು ಹಾಕಿ ಮಸೆಯಿರಿ. ಎತ್ತಿಗೂ ಇಡಿ, ಬೇಡವೆನ್ನುವುದಿಲ್ಲ. ಅವ್ವನ ಪಾಲು ಎತ್ತಿಟ್ಟ ಮೇಲೆ ಇಡಿ.

4. ಸೌಟು ತಳ ಮುಟ್ಟಲಿ

ಕಾಳು ಪಾತ್ರೆಯ ತಳದಲ್ಲಿ ಕೂರುತ್ತದೆ. ಅದನ್ನು ತೋಡಿ ಬಡಿಸಿದಾಗ ಮೊದಲು ಉಂಡವರಿಗೆ ಕಾಳು, ಕೊನೆಗೆ ಉಂಡವರಿಗೆ ನೀರು. ನಮ್ಮ ಮನೆಗಳಲ್ಲಿ ಕೊನೆಗೆ ಉಣ್ಣುವವರು ಯಾರೆಂದು ಎಲ್ಲರಿಗೂ ಗೊತ್ತು: ಸೊಸೆ ಮತ್ತು ಅತ್ತೆ. ಆ ಸೊಸೆಯೂ ನಾಳಿನ ಅಜ್ಜಿಯೇ. ನಲವತ್ತರಲ್ಲಿ ಉಳಿಸಿಕೊಂಡ ಸ್ನಾಯುವೇ ಎಪ್ಪತ್ತರಲ್ಲಿ ಕೈಹಿಡಿಯುವುದು. ಹಿರಿಯರಿಗೆ ಮೊದಲು ಬಡಿಸಿ, ತಳದಿಂದ ಬಡಿಸಿ. ಬಡಿಸುವ ಹೆಂಗಸರ ಪಾಲನ್ನು ಬೇರೆ ಬಟ್ಟಲಲ್ಲಿ ಎತ್ತಿಡುವ ಹೊಣೆ ಮನೆಯ ಗಂಡಸರದಾಗಲಿ.

5. ಹಲ್ಲು ಮತ್ತು ಹೊಟ್ಟೆಯ ದೂರು ಕೇಳಿಸಿಕೊಳ್ಳಿ

‘ಕಾಳು ತಿಂದ್ರೆ ಹೊಟ್ಟೆ ಉಬ್ಬರ್ಸ್ತದೆ’ ಎಂದು ಹಿರಿಯರು ಹೇಳಿದರೆ ಅದು ನೆಪವಲ್ಲ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ. ಮೊಳಕೆ ಕಟ್ಟಿದರೆ ಇನ್ನೂ ಒಳ್ಳೆಯದು, ಆದರೆ ಮೊಳಕೆಯನ್ನು ಹಸಿಯಾಗಿ ಕೊಡಬೇಡಿ. ಮೊದಲ ವಾರ ಎರಡು ಚಮಚ, ಆಮೇಲೆ ಹೆಚ್ಚಿಸಿ. ಜೀರಿಗೆ, ಬೆಳ್ಳುಳ್ಳಿ, ಇಂಗು ಇದ್ದೇ ಇವೆ.

ಸಿಪ್ಪೆಯ ವಿಷಯ ಇನ್ನೂ ಮುಖ್ಯ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲಿ ಅನುರಾ ಕುರ್ಪಾಡ್ ಅವರ ತಂಡ, ತಿಂದ ಪ್ರೋಟೀನಿನಲ್ಲಿ ದೇಹ ನಿಜವಾಗಿ ಎಷ್ಟನ್ನು ಹೀರಿಕೊಳ್ಳುತ್ತದೆಂದು ಮನುಷ್ಯರಲ್ಲೇ ಅಳೆದು 2018 ಮತ್ತು 2019ರಲ್ಲಿ ಪ್ರಕಟಿಸಿತು. ಮೊಟ್ಟೆ, ಕೋಳಿಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ಮೈಗೆ ಹತ್ತುತ್ತದೆ. ಹೆಸರುಕಾಳು, ಕಡಲೆಕಾಳಿನಲ್ಲಿ ಅದಕ್ಕಿಂತ ಬಹಳ ಕಡಿಮೆ. ಹೆಸರುಕಾಳಿನ ಸಿಪ್ಪೆ ತೆಗೆದಾಗ ಹೀರಿಕೆ ಏರಿತು.

ಅಂದಮೇಲೆ ಹಿತಕಿದ ಅವರೆಬೇಳೆ ಬರೀ ನಾಲಿಗೆಯ ಸುಖವಲ್ಲ. ಸೊಗಡವರೆ ಬರುವ ಚಳಿಗಾಲದಲ್ಲಿ ಮನೆಮಂದಿಯೆಲ್ಲ ಕೂತು ಹಿತುಕುವ ಆ ಕೆಲಸ ಹಲ್ಲಿಲ್ಲದ ಬಾಯಿಗೂ ಮಂದವಾದ ಹೊಟ್ಟೆಗೂ ಒಟ್ಟಿಗೇ ಉಪಕಾರ ಮಾಡುತ್ತದೆ. ಉಳಿದ ತಿಂಗಳುಗಳಲ್ಲಿ ಹೆಸರುಬೇಳೆ, ತೊಗರಿಬೇಳೆ ಹಿರಿಯರಿಗೆ ಇಡೀ ಕಾಳಿಗಿಂತ ಹಿತ.

6. ರಾಗಿಯನ್ನು ಒಂಟಿಯಾಗಿ ಬಿಡಬೇಡಿ

ರಾಗಿಯ ಮೇಲೆ ನಮಗಿರುವ ಅಭಿಮಾನ ನ್ಯಾಯವಾದದ್ದು. ಇದೇ ಜಿಲ್ಲೆಯ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಬೆರೆಸಿ ಇಂಡಾಫ್ ತಳಿಗಳನ್ನು ಬೆಳೆಸಿದರು, ಇಳುವರಿ ಹೆಚ್ಚಿತು, ಬಡವರ ಮನೆಯಲ್ಲಿ ಮುದ್ದೆ ದೊಡ್ಡದಾಯಿತು. 100 ಗ್ರಾಂ ರಾಗಿಯಲ್ಲಿ 360 ಮಿಲಿಗ್ರಾಂಗೂ ಮೀರಿದ ಕ್ಯಾಲ್ಸಿಯಂ ಇದೆ, ಮೂಳೆಗೆ ಅದು ಬೇಕು. ಆದರೆ ಪ್ರೋಟೀನ್ 7 ಗ್ರಾಂ ಮಾತ್ರ, ಅಕ್ಕಿಗಿಂತ ಸ್ವಲ್ಪ ಕಡಿಮೆಯೇ.

ರಾಗಿಯಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ, ಮಿಥಿಯೊನಿನ್ ಚೆನ್ನಾಗಿದೆ. ಕಾಳಿನಲ್ಲಿ ಇದರ ತಿರುಗುಮುರುಗು. ಎರಡೂ ಒಂದೇ ತಟ್ಟೆಯಲ್ಲಿ ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹಿರಿಯರ ಮುದ್ದೆ ಸ್ವಲ್ಪ ಚಿಕ್ಕದಾಗಲಿ, ಕಾಳಿನ ಪಾಲು ದೊಡ್ಡದಾಗಲಿ. ಹಸಿವು ಕಡಿಮೆಯಾದ ವಯಸ್ಸಿನಲ್ಲಿ ಮುದ್ದೆಯೇ ಹೊಟ್ಟೆಯನ್ನೆಲ್ಲ ಆಕ್ರಮಿಸಿದರೆ ಉಳಿದದ್ದಕ್ಕೆ ಜಾಗವಿರುವುದಿಲ್ಲ.

7. ಕ್ಯಾನಿಗೆ ಸುರಿಯುವ ಮುಂಚೆ ಲೋಟಕ್ಕೆ ಸುರಿಯಿರಿ

ಬೆಳಗ್ಗೆ, ಸಂಜೆ ಡೇರಿಯ ಮುಂದೆ ಕ್ಯಾನು ಹಿಡಿದ ಸಾಲು ಈ ಸೀಮೆಯ ಪ್ರತಿ ಊರಿನ ನೋಟ. ಹಾಲಿನ ದುಡ್ಡಿನ ಬೆಲೆ ನನಗೆ ಗೊತ್ತು. ಅನೇಕ ಮನೆಗಳಲ್ಲಿ ಹೆಂಗಸರ ಕೈಗೆ ನೇರವಾಗಿ ಬರುವ ಆದಾಯ ಅದೊಂದೇ, ಮಕ್ಕಳ ಫೀಸು, ಸಂಘದ ಕಂತು ಎರಡೂ ಅದರಲ್ಲೇ ನಡೆಯಬೇಕು. ಅದನ್ನು ನಿಲ್ಲಿಸಿ ಎಂದು ಯಾರೂ ಹೇಳಬಾರದು. ಕೇಳುವುದು ದಿನಕ್ಕೆ ಎರಡು ಲೋಟ ಮಾತ್ರ.

200 ಮಿಲಿಲೀಟರ್ ಹಾಲಿನಲ್ಲಿ 6 ಗ್ರಾಂಗೂ ಹೆಚ್ಚು ಪ್ರೋಟೀನ್ ಇದೆ. ಅದರಲ್ಲಿ ಲ್ಯೂಸಿನ್ ಹೇರಳ. ಸ್ನಾಯು ಕಟ್ಟುವ ಕೆಲಸಕ್ಕೆ ಚಾಲನೆ ಕೊಡುವ ಅಮೈನೊ ಆಮ್ಲ ಅದು. ಎರಡು ಲೋಟವೆಂದರೆ 50 ಕಿಲೋ ತೂಕದವರ ದಿನದ ಅಗತ್ಯದ ಕಾಲುಭಾಗದಷ್ಟು. ಔಷಧದಂಗಡಿಯ ಪ್ರೋಟೀನ್ ಪುಡಿಯ ಡಬ್ಬದ ಬೆಲೆಯನ್ನು ಈ ಎರಡು ಲೋಟದ ಡೇರಿ ದರಕ್ಕೆ ಹೋಲಿಸಿ ನೋಡಿ, ಯಾವುದು ಅಗ್ಗ ಎಂದು ಲೆಕ್ಕವೇ ಹೇಳುತ್ತದೆ. ಹಾಲು ಒಗ್ಗದವರಿಗೆ ಗಟ್ಟಿ ಮೊಸರು. ನೀರು ಮಜ್ಜಿಗೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

8. ಮೂರು ಹೊತ್ತಿಗೂ ಪಾಲು ಹಾಕಿ

ಎಳೆಯರ ಸ್ನಾಯು ಸ್ವಲ್ಪ ಪ್ರೋಟೀನ್ ಸಿಕ್ಕರೂ ಕೆಲಸ ಶುರುಮಾಡುತ್ತದೆ. ವಯಸ್ಸಾದವರದು ಮಂದ. ಒಂದೇ ಹೊತ್ತಿಗೆ ಸುಮಾರು 20 ಗ್ರಾಂ ಒಟ್ಟಿಗೆ ಬಂದರೆ ಮಾತ್ರ ಅದು ಚೆನ್ನಾಗಿ ಎಚ್ಚರಗೊಳ್ಳುತ್ತದೆ. ಇಡೀ ದಿನದ್ದನ್ನು ಭಾನುವಾರದ ಬಾಡೂಟದ ಹಾಗೆ ಒಂದೇ ಸಲ ಕೊಟ್ಟರೂ ಪ್ರಯೋಜನ ಕಡಿಮೆ.

ಒಂದು ಮಾದರಿ ಹೇಳುತ್ತೇನೆ. ಬೆಳಗ್ಗೆ ಹಿಡಿಯಷ್ಟು ಹೆಸರುಬೇಳೆಯ ದೋಸೆ ಅಥವಾ ಮೆತ್ತಗೆ ಬೇಯಿಸಿದ ಉಸ್ಲಿ, ಒಂದು ಮೊಟ್ಟೆ, ಒಂದು ಲೋಟ ಹಾಲು: 20 ಗ್ರಾಂ. ಮೊಟ್ಟೆ ಮುಟ್ಟದವರಿಗೆ ಒಂದು ಹಿಡಿ ಹುರಿದು ಕುಟ್ಟಿದ ಕಡಲೆಕಾಯಿ ಬೀಜ. ಮಧ್ಯಾಹ್ನ ಮುದ್ದೆ, ಕಾಳು ರುಬ್ಬಿದ ಗಟ್ಟಿ ಸಾರು, ಒಂದು ಬಟ್ಟಲು ಮೊಸರು: ಮತ್ತೆ 20. ರಾತ್ರಿ ಸ್ವಲ್ಪ ಅನ್ನ, ಗಟ್ಟಿ ಬೇಳೆಸಾರು, ಮಲಗುವ ಮುಂಚೆ ಹಾಲು: 15. ದಿನಕ್ಕೆ 55 ಆಯಿತು. ಇದರಲ್ಲಿ ಪೇಟೆಯಿಂದ ವಿಶೇಷವಾಗಿ ತರಬೇಕಾದ್ದು ಯಾವುದೂ ಇಲ್ಲ.

ಒಪ್ಪತ್ತು ಮಾಡುವ ಹಿರಿಯರಿದ್ದಾರೆ. ಶನಿವಾರ, ಸೋಮವಾರ, ಮೇಲುಕೋಟೆ ಕಡೆಯವರಾದರೆ ಏಕಾದಶಿ. ಅವರ ವ್ರತ ಕೆಡಿಸದೆಯೂ ಹಾಲು, ಮೊಸರು, ಕಡಲೆಕಾಯಿ ಬೀಜ ಕೊಡಬಹುದು. ಬಾಳೆಹಣ್ಣು, ಅವಲಕ್ಕಿಯಲ್ಲೇ ದಿನ ಮುಗಿಯಬಾರದು.

9. ಕಾಲು ಸೂಪನ್ನು ನಂಬಿ ಕೂರಬೇಡಿ

ಮಂಡಿ ನೋವೆಂದರೆ ಮೇಕೆ ಕಾಲು ಸೂಪು ಎನ್ನುವುದು ನಮ್ಮಲ್ಲಿ ಹಾಸುಹೊಕ್ಕಾದ ನಂಬಿಕೆ. ಬಿಸಿಬಿಸಿ ಸೂಪು ಹಿತ ಕೊಡುತ್ತದೆ, ನಿಜ. ಆದರೆ ಅದರಲ್ಲಿ ಇಳಿಯುವುದು ಮುಖ್ಯವಾಗಿ ಜೆಲಟಿನ್. ಅದರಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಗತ್ಯ ಅಮೈನೊ ಆಮ್ಲವೇ ಇಲ್ಲ, ಲ್ಯೂಸಿನ್ನೂ ಕಡಿಮೆ. ಸ್ನಾಯು ಕಟ್ಟಲು ಬೇಕಾದ್ದು ಸೂಪಿನ ನೀರಲ್ಲ, ಮಾಂಸದ ತುಂಡು. ಹಲ್ಲಿಲ್ಲದಿದ್ದರೆ ಕೈಮ ಮಾಡಿ, ಉಂಡೆ ಕಟ್ಟಿ ಸಾರಿಗೆ ಬಿಡಿ. ಕೈಮ ಉಂಡೆ ಸಾರು ಮಾಡಲು ನಮ್ಮವರಿಗೆ ಹೇಳಿಕೊಡಬೇಕಾದ್ದಿಲ್ಲ.

ಮೀನು ಹಿರಿಯರಿಗೆ ಇನ್ನೂ ಸುಲಭ. ಕನ್ನಂಬಾಡಿ ಹಿನ್ನೀರಿನ, ಕೆರೆ ತೊಣ್ಣೂರಿನ ಕಾಟ್ಲಾ, ರೋಹುವಿನ 100 ಗ್ರಾಂ ತಿರುಳಿನಲ್ಲಿ ಹೆಚ್ಚುಕಮ್ಮಿ 18 ಗ್ರಾಂ ಪ್ರೋಟೀನ್ ಇರುತ್ತದೆ, ಬೆಂದರೆ ಬೆಣ್ಣೆಯಷ್ಟು ಮೆತ್ತಗಾಗುತ್ತದೆ. ಮುಳ್ಳು ಬಿಡಿಸಿ ಕೊಡುವ ತಾಳ್ಮೆ ಮನೆಯವರಿಗಿರಬೇಕು. ಅಗ್ಗವಾಗಿ ಸಿಗುವ ಪೂರ್ಣ ಪ್ರೋಟೀನ್ ಮೊಟ್ಟೆ: ಒಂದರಲ್ಲಿ 6 ಗ್ರಾಂ. ಸರ್ಕಾರಿ ಶಾಲೆಯಲ್ಲಿ ಮೊಮ್ಮಗನಿಗೆ ಮೊಟ್ಟೆ ಸಿಗುತ್ತದೆ. ಅಜ್ಜನಿಗೆ ಅದನ್ನು ಮನೆಯೇ ಕೊಡಬೇಕು. ಶ್ರಾವಣದಲ್ಲಿ ಇವೆಲ್ಲ ನಿಲ್ಲುವ ಮನೆಗಳು ಆ ತಿಂಗಳು ಕಾಳು, ಹಾಲನ್ನು ಹೆಚ್ಚಿಸಿಕೊಳ್ಳಲಿ.

10. ಮೀಲ್ ಮೇಕರ್‌ಗೆ ಮರ್ಯಾದೆ ಕೊಡಿ

ಊರಿನ ಕಿರಾಣಿ ಅಂಗಡಿಯಲ್ಲೂ ಸಿಗುವ ಮೀಲ್ ಮೇಕರ್, ಅಂದರೆ ಸೋಯಾ ಉಂಡೆಯಲ್ಲಿ ಅರ್ಧಕ್ಕರ್ಧ ಪ್ರೋಟೀನ್. 30 ಗ್ರಾಂ ಒಣ ಉಂಡೆಗೆ 15 ಗ್ರಾಂ ಸಿಗುತ್ತದೆ. ಸಸ್ಯಾಹಾರದ ಅಮೈನೊ ಆಮ್ಲಗಳ ಗುಣದಲ್ಲಿ ಸೋಯಾದ್ದು ಮೇಲಿನ ಸ್ಥಾನ. ಬಿಸಿನೀರಿನಲ್ಲಿ ನೆನೆಸಿ, ಹಿಂಡಿ, ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿದರೆ ಕೈಮದ ಹದ ಬರುತ್ತದೆ. ವಾರಕ್ಕೆ ಎರಡು ಮೂರು ಸಲ ಸಾಕು. ಥೈರಾಯ್ಡ್ ಮಾತ್ರೆ ನುಂಗುವವರು ಸೋಯಾವನ್ನು ಮಾತ್ರೆಯಿಂದ ಕೆಲವು ಗಂಟೆ ದೂರವಿಡಲಿ.

11. ಹುರಿಹಿಟ್ಟಿಗೆ ಕಡಲೆಕಾಯಿ ಸೇರಿಸಿ

ಶ್ರೀರಂಗಪಟ್ಟಣದಿಂದ ಹೊಳೆ ದಾಟಿದರೆ ಮೈಸೂರು. ಅಲ್ಲಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಲ್ಲಿ ಆಹಾರ ತಂತ್ರಜ್ಞಾನದ ಕೇಂದ್ರೀಯ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಶುರುವಾಯಿತು. ವಿ. ಸುಬ್ರಹ್ಮಣ್ಯನ್ ಅದರ ಮೊದಲ ನಿರ್ದೇಶಕರು. ಹಾಲು, ಮಾಂಸ ಕೊಳ್ಳಲಾಗದ ದೇಶಕ್ಕೆ ಅಗ್ಗದ ಪ್ರೋಟೀನ್ ಹುಡುಕುವುದು ಆ ಕಾಲದ ವಿಜ್ಞಾನಿಗಳ ದೊಡ್ಡ ಚಿಂತೆಯಾಗಿತ್ತು. ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮೂರು ಪಾಲು, ಕಡಲೆಹಿಟ್ಟು ಒಂದು ಪಾಲು ಬೆರೆಸಿ ‘ವಿವಿಧೋದ್ದೇಶ ಆಹಾರ’ ಮಾಡಿದರು. ಕಡಲೆಕಾಯಿಯ ಪ್ರೋಟೀನನ್ನು ಹಾಲಿಗೆ ಬೆರೆಸಿ ‘ಮಿಲ್ಟೋನ್’ ಮಾಡಿದರು, ಎಪ್ಪತ್ತರ ದಶಕದಲ್ಲಿ ಅದು ಬೆಂಗಳೂರಿನಲ್ಲಿ ತಯಾರಾಗುತ್ತಿತ್ತು. ಇಂದು ಜಗತ್ತು ಪರ್ಯಾಯ ಪ್ರೋಟೀನ್ ಎಂದು ಸಂಭ್ರಮಿಸುವ ಕೆಲಸವನ್ನು ಮೈಸೂರು ಅಷ್ಟು ಹಿಂದೆಯೇ ಮಾಡಿತ್ತು ಎಂಬುದು ನನಗೆ ಹೆಮ್ಮೆಯ ವಿಷಯ.

ಅದೇ ತತ್ವ ಮನೆಯಲ್ಲಿ ನಡೆಯುತ್ತದೆ. ರಾಗಿ ಹುರಿಹಿಟ್ಟು ಎರಡು ಪಾಲು, ಹುರಿಗಡಲೆ ಹಿಟ್ಟು ಒಂದು ಪಾಲು, ಹುರಿದು ಪುಡಿ ಮಾಡಿದ ಕಡಲೆಕಾಯಿ ಬೀಜ ಒಂದು ಪಾಲು. ಈ ಪುಡಿಯ 100 ಗ್ರಾಂನಲ್ಲಿ ಸುಮಾರು 15 ಗ್ರಾಂ ಪ್ರೋಟೀನ್ ಇರುತ್ತದೆ, ಬರಿಯ ರಾಗಿಯ ಎರಡರಷ್ಟು. 40 ಗ್ರಾಂ ಪುಡಿಯನ್ನು ಒಂದು ಲೋಟ ಹಾಲಿನಲ್ಲಿ ಕಲಸಿದರೆ 12 ಗ್ರಾಂ ಆಯಿತು. ಬೆಲ್ಲ ಕಡಿಮೆ, ಸಕ್ಕರೆ ಕಾಯಿಲೆಯಿದ್ದರೆ ಬೇಡ. ಬೂಸ್ಟು ಹಿಡಿದ, ಕಹಿ ಬಂದ ಕಡಲೆಕಾಯಿಯನ್ನು ಆರಿಸಿ ಎಸೆಯಿರಿ. ಆ ಶಿಲೀಂಧ್ರದ ವಿಷ ಯಕೃತ್ತಿಗೆ ಕೇಡು, ಹುರಿದರೂ ಪೂರ್ತಿ ಹೋಗದು. ಊಟಕ್ಕೆ ಹುಚ್ಚೆಳ್ಳಿನ ಚಟ್ನಿಪುಡಿಯೂ ಇರಲಿ.

12. ಡಬ್ಬದ ಹಿಂಬದಿ ಓದಿ

ಪ್ರೋಟೀನ್ ಪುಡಿ ಕೊಳ್ಳುವಾಗ ನೋಡಬೇಕಾದ್ದು ಡಬ್ಬದ ಮುಂಬದಿಯ ಚಿತ್ರವಲ್ಲ, ಹಿಂಬದಿಯ ಅಂಕಿ. ಒಂದು ಸಲಕ್ಕೆ ಎಷ್ಟು ಗ್ರಾಂ ಪ್ರೋಟೀನ್, ಎಷ್ಟು ಗ್ರಾಂ ಸಕ್ಕರೆ ಎಂದು ನೋಡಿ. ಹಲವು ಪುಡಿಗಳಲ್ಲಿ ಸಿಹಿಯ ಪಾಲು ದೊಡ್ಡದು. ಹೊಸದಾಗಿ ಹೊಗಳಿಸಿಕೊಳ್ಳುವ ಆಹಾರಗಳನ್ನೂ ಹೀಗೇ ಅಳೆಯಿರಿ. ಸ್ಪಿರುಲಿನಾ ಎಂಬ ಪಾಚಿಯ ಪುಡಿಯಲ್ಲಿ ಶೇ 60 ಪ್ರೋಟೀನ್ ಇದೆ ಎಂಬುದು ನಿಜ, ಆದರೆ ಒಂದು ಚಮಚೆಯಲ್ಲಿ ಬರುವುದು 2 ಗ್ರಾಂ ಮಾತ್ರ. ಹಸಿ ಅಣಬೆಯ 100 ಗ್ರಾಂನಲ್ಲಿ 3 ಗ್ರಾಂನಷ್ಟು. ರೇಷ್ಮೆ ಹುಳುವಿನ ಕೋಶವನ್ನು ಕೊರಿಯಾದಲ್ಲೂ ನಮ್ಮ ಈಶಾನ್ಯ ರಾಜ್ಯಗಳಲ್ಲೂ ತಿನ್ನುತ್ತಾರೆ, ಅದು ಪುಷ್ಟಿಕರವೇ. ಹಿಪ್ಪುನೇರಳೆ ಬೆಳೆಯುವ ನಮ್ಮೂರುಗಳಿಗೆ ಅದು ಬರಬೇಕೆಂಬ ಆತುರ ಬೇಡ, ಹುರುಳಿ ಇರುವಾಗ.

ಊಟವೇ ಸೇರದವರಿಗೆ, ದೊಡ್ಡ ಕಾಯಿಲೆಯಿಂದ ಎದ್ದವರಿಗೆ ಪುಡಿ ನೆರವಾಗುತ್ತದೆ. ಅದನ್ನು ವೈದ್ಯರು ಹೇಳಿದ ಮೇಲೆ ತನ್ನಿ.

13. ಸ್ನಾಯುವಿಗೆ ಕೆಲಸ ಕೊಡಿ

ಬಾಸ್ಟನ್ ನಗರದ ಒಂದು ವೃದ್ಧಾಶ್ರಮದಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. ಫಲ 1990ರಲ್ಲಿ ಪ್ರಕಟವಾಯಿತು: ತೊಡೆಯ ಬಲ ಸರಾಸರಿ ಶೇ 174 ಹೆಚ್ಚಿತ್ತು. 1994ರಲ್ಲಿ ನೂರು ಜನರ ಮೇಲೆ ನಡೆದ ಮುಂದಿನ ಪರೀಕ್ಷೆ ಇನ್ನೂ ಕಣ್ತೆರೆಸುವಂಥದು. ವ್ಯಾಯಾಮ ಮಾಡಿದವರ ಬಲ ದುಪ್ಪಟ್ಟಿಗೂ ಮೀರಿತು. ಬರೀ ಪುಷ್ಟಿಕರ ಪಾನೀಯ ಕುಡಿದು ಕೂತವರ ಬಲ ಏರಲಿಲ್ಲ.

ಹೀಗಿರುವಾಗ ‘ಇಷ್ಟು ವರ್ಷ ಗೇದಿದ್ದು ಸಾಕು, ಸುಮ್ನೆ ಕೂತ್ಕೊ ಅವ್ವ’ ಎನ್ನುವ ನಮ್ಮ ಪ್ರೀತಿಯ ಮಾತು ಆಕೆಯ ಕಾಲಿಗೆ ಒಳ್ಳೆಯದಲ್ಲ. ನಡಿಗೆ ಹೃದಯಕ್ಕೆ ಒಳ್ಳೆಯದು, ಆದರೆ ತೊಡೆಗೆ ಅಷ್ಟೇ ಸಾಲದು. ವಾರಕ್ಕೆ ಮೂರು ದಿನ ಹೀಗೆ ಮಾಡಲಿ. ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಕೂರುವಾಗ ನಿಧಾನವಾಗಿ. ಪಡಸಾಲೆಯ ಕಂಬ ಹಿಡಿದು ಹತ್ತು ಸಲ ಹಿಮ್ಮಡಿ ಎತ್ತುವುದು. ಬಾಗಿಲ ಮುಂದಿನ ಒಂದೇ ಮೆಟ್ಟಿಲನ್ನು ಹತ್ತಿ ಇಳಿಯುವುದು. ಗೋಡೆಗೆ ಅಂಗೈ ಊರಿ ಮೈಯನ್ನು ಮುಂದೆ ಹಿಂದೆ ತಳ್ಳುವುದು. ಕೈಗೆ ಅರ್ಧ ಲೀಟರಿನ ನೀರಿನ ಬಾಟಲಿ, ಆಮೇಲೆ ಒಂದು ಲೀಟರಿನದು. ಹತ್ತು ಸಲ ಸುಲಭವಾದ ಮೇಲೆ ಹದಿನೈದು ಮಾಡಿ, ಅದೂ ಸುಲಭವಾದರೆ ಭಾರ ಹೆಚ್ಚಿಸಿ. ಕಷ್ಟ ಎನಿಸದ ವ್ಯಾಯಾಮಕ್ಕೆ ಸ್ನಾಯು ಬೆಳೆಯುವುದಿಲ್ಲ. ಎದೆನೋವು, ತಲೆಸುತ್ತು ಇರುವವರು ಮೊದಲು ವೈದ್ಯರನ್ನು ಕೇಳಲಿ.

ಕಟಾವಿನ ಕಾಲದಲ್ಲಿ ಗದ್ದೆಗೆ ಬುತ್ತಿ ಹೊರುವ, ಸೊಪ್ಪು ಕೀಳುವ, ಕಾಳು ಕೇರುವ ಅಜ್ಜಿಯರನ್ನು ತಡೆಯಬೇಡಿ. ನೀರೂ ನೆರಳೂ ಸಿಗುವಂತೆ ನೋಡಿಕೊಳ್ಳಿ. ಅಲ್ಲಿ ಬಿಸಿಲಿನಿಂದ ಸಿಗುವ ವಿಟಮಿನ್ ಡಿ ಕೂಡ ಸ್ನಾಯುವಿಗೆ ಬೇಕು.

14. ಜ್ವರ ಬಂದ ವಾರವೇ ಎಚ್ಚರದ ವಾರ

ಆರೋಗ್ಯವಾಗಿದ್ದ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದ ಅಮೆರಿಕದ 2007ರ ಅಧ್ಯಯನದಲ್ಲಿ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಸ್ನಾಯು ಕರಗಿತ್ತು. ನಾವೋ ಜ್ವರ ಬಂದರೆ ಗಂಜಿ, ಬ್ರೆಡ್ಡು, ಎಳನೀರಿನಲ್ಲೇ ವಾರ ಕಳೆಯುತ್ತೇವೆ. ಗಂಜಿಗೆ ಹೆಸರುಬೇಳೆ ಹಾಕಿ, ಬ್ರೆಡ್ಡನ್ನು ಹಾಲಿಗೆ ಅದ್ದಿ. ಕಾಯಿಲೆಯಲ್ಲಿ ಬೇಕಾದ ಪ್ರೋಟೀನ್ ಹೆಚ್ಚು, ಕಿಲೋಗೆ 1.2ರಿಂದ 1.5 ಗ್ರಾಂ. ವೈದ್ಯರು ಬೇಡವೆನ್ನದಿದ್ದರೆ ಹಾಸಿಗೆಯ ಅಂಚಿನಲ್ಲಿ ಕೂರಿಸಿ, ದಿನಕ್ಕೆ ಹಲವು ಸಲ ಹಿಡಿದು ನಿಲ್ಲಿಸಿ. ಮಂಡ್ಯದ ಮಿಮ್ಸ್ ಆಸ್ಪತ್ರೆ, ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ, ಮೈಸೂರಿನ ಕೆ.ಆರ್. ಆಸ್ಪತ್ರೆ, ಎಲ್ಲಿಂದ ಮನೆಗೆ ಬರುವಾಗಲೂ ಮಾತ್ರೆಯ ಚೀಟಿಯ ಜೊತೆ ಒಂದು ಪ್ರಶ್ನೆ ಕೇಳಿ: ಎಷ್ಟು ಪ್ರೋಟೀನ್ ಕೊಡಬಹುದು, ಯಾವಾಗಿಂದ ನಡೆಸಬಹುದು?

15. ಇವರು ಮೊದಲು ವೈದ್ಯರನ್ನು ಕೇಳಲಿ

ಮೂತ್ರಪಿಂಡದ ಕಾಯಿಲೆ ಇರುವವರಿಗೆ ಮೇಲಿನ ಲೆಕ್ಕ ಅನ್ವಯಿಸುವುದಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಬಹಳ ವರ್ಷದಿಂದ ಇದ್ದರೆ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಯೇ ಪ್ರೋಟೀನ್ ಹೆಚ್ಚಿಸಿ. ಪಾರ್ಕಿನ್‌ಸನ್‌ಗೆ ಲೆವೊಡೋಪಾ ನುಂಗುವವರು ಮಾತ್ರೆ ಮತ್ತು ಪ್ರೋಟೀನ್ ಊಟದ ನಡುವೆ ಅಂತರವಿಡಬೇಕು. ಯೂರಿಕ್ ಆಮ್ಲದ ತೊಂದರೆಯವರಿಗೆ ತಲೆಮಾಂಸ, ಬೋಟಿ, ಈಲಿ ಬೇಡ, ಹಾಲು ಮೊಟ್ಟೆ ಪರವಾಗಿಲ್ಲ. ಪೂರ್ತಿ ಸಸ್ಯಾಹಾರಿಗಳು ವಿಟಮಿನ್ ಬಿ12 ಮಟ್ಟವನ್ನು ಒಮ್ಮೆ ನೋಡಿಸಿಕೊಳ್ಳಲಿ. ನುಂಗುವಾಗ ಕೆಮ್ಮು ಬರುವವರಿಗೆ ಪುಡಿ, ಬೀಜ ಕೊಡಬಾರದು.

16. ಅಕ್ಕಡಿ ಸಾಲನ್ನು ಮರಳಿ ತನ್ನಿ

ಕಾಳು ತಟ್ಟೆಯಿಂದ ಸರಿಯುವ ಮುಂಚೆ ಹೊಲದಿಂದ ಸರಿಯಿತು. ರಾಗಿಯ ಹೊಲದಲ್ಲಿ ಅಷ್ಟಷ್ಟು ದೂರಕ್ಕೆ ಅವರೆ, ತೊಗರಿ, ತಡಗುಣಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಇರುತ್ತಿತ್ತು. ಮಳೆ ನಂಬಿದ ನಾಗಮಂಗಲದಲ್ಲಿ, ಕೆ.ಆರ್. ಪೇಟೆಯ ಮೇಲುಭೂಮಿಯಲ್ಲಿ ಅದು ಇನ್ನೂ ಕಾಣುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರು ಬಂದ ಪಾಂಡವಪುರ, ಶ್ರೀರಂಗಪಟ್ಟಣದಲ್ಲಿ ಭತ್ತ, ಕಬ್ಬು ಬಂದವು, ಕೈಗೆ ದುಡ್ಡು ಬಂತು. ಕಬ್ಬಿನ ಗದ್ದೆಯಲ್ಲಿ ಅಕ್ಕಡಿಗೆ ಜಾಗವಿಲ್ಲ. ಕಾಳು ಅಂಗಡಿಯಿಂದ ಅಳೆದು ತರುವ ವಸ್ತುವಾಯಿತು, ಅಳೆದು ತಂದದ್ದನ್ನು ಅಳೆದೇ ಹಾಕುತ್ತಾರೆ.

ನಾಲೆಬಯಲಿನವರು ಗದ್ದೆಯ ಬದುವಿನ ಮೇಲೆ ತೊಗರಿ, ಅವರೆ ಊರಬಹುದು. ಭತ್ತ ಕೊಯ್ದ ಗದ್ದೆಯ ಪಸೆಯಲ್ಲೇ ಹೆಸರು, ಉದ್ದು, ಅಲಸಂದೆ ಚೆಲ್ಲಬಹುದು, ಮಣ್ಣಿಗೂ ಸಾರಜನಕ ಸೇರುತ್ತದೆ. ಹಿತ್ತಲಿಗೊಂದು ನುಗ್ಗೆ, ಬೇಲಿಗೊಂದು ಚಪ್ಪರದವರೆ. ಖುಷ್ಕಿಯವರು ರಾಗಿಯ ಜೊತೆ ಮುಂಗಾರಿನಲ್ಲೇ ಅವರೆ ಹಾಕಲಿ, ಹಿಂಗಾರಿನ ಹದಕ್ಕೆ ಹುರುಳಿ ಎರಚಲಿ. ಮೂರು ಜನ ಹಿರಿಯರಿರುವ ಮನೆಗೆ ತಲೆಗೆ ದಿನಕ್ಕೆ 80 ಗ್ರಾಂನಂತೆ ವರ್ಷಕ್ಕೆ ಬೇಕಾಗುವುದು ಸುಮಾರು 90 ಕಿಲೋ ಕಾಳು. ಬಿತ್ತನೆಯ ಲೆಕ್ಕ ಹಾಕುವಾಗ, ಮಾರುವ ಮೂಟೆ ಕಟ್ಟುವ ಮುಂಚೆ, ಆ 90 ಕಿಲೋವನ್ನು ಬೇರೆ ಎತ್ತಿಡಿ.